ಹುಕ್ಕೇರಿಯ ಅರ್ಧ ಡಿಕ್ಷನರಿ

ಹುಕ್ಕೇರಿ ಕಚೇರಿಯ ಗೋಡೆಗೆ ಇನ್ನೂ ಬಿಸಿಲು ತಾಗಿಲ್ಲ. ಜಾಫರಸಾಬರು ಗೋಣಿತಟ್ಟು ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಮುಂದೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ದಪ್ಪ ಪುಸ್ತಕ. ಎದುರಿಗೆ ತುಕ್ಕಾನಟ್ಟಿಯ ಲಕ್ಕಪ್ಪ, ಅವನ ಹೆಂಡತಿ ಬಾಳವ್ವ. ಲಕ್ಕಪ್ಪ ಒಂದು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ್ದಾನೆ, ಆದರೆ ಬಿಟ್ಟಿಲ್ಲ. ಜಾಫರಸಾಬರೂ ಬಿಡಿಸಿಕೊಳ್ಳಲು ಹೋಗುವುದಿಲ್ಲ. ಅವನ ಕೈಯಲ್ಲಿದ್ದಂತೆಯೇ ಕತ್ತು ಬಗ್ಗಿಸಿ ಓದುತ್ತಾರೆ. ಇಂಗ್ಲಿಷ್ ಕಾಗದ ಓದಿಸಲು ಬರುವವರೆಲ್ಲ ಹೀಗೆಯೇ ಅಂತೆ. ಕಾಗದವನ್ನು ಯಾರ ಕೈಗೂ ಒಪ್ಪಿಸುವುದಿಲ್ಲ.

"ಎಲ್ಲಾ ಚಲೋ ಬರದಾರ ಸಾಹೇಬರು. ಇಪ್ಪತ್ತೆರಡು ವರ್ಷ ಕಾಲಿವಿ ಮ್ಯಾಲೆ ಚೌಕೀದಾರಕಿ ಮಾಡ್ಯಾನ, ಕುಡ್ಯಾಂವಲ್ಲ, ಯಾರ ಕೂಡಾನೂ ಜಗಳಿಲ್ಲ ಅಂತ ಐತಿ. ಇಲ್ಲೊಂದು ಮಾತೈತಿ ನೋಡ್ರಿ, ಸೆಡ್ಯುಲಸ್. ಲಕ್ಕಪ್ಪ ಸೆಡ್ಯುಲಸ್ ಮನಶ್ಯಾ ಅಂದಾರ. ಇದು ನನಗ ಗೊತ್ತಿಲ್ಲ."

"ಗೊತ್ತಿಲ್ಲೋ, ಹೇಳಾಕ ಮನಸಿಲ್ಲೋ?" ಎಂದು ಬಾಳವ್ವ ಕೇಳುತ್ತಾಳೆ.

"ಗೊತ್ತಿಲ್ಲವ್ವಾ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅವರ ಸಂಶಯ ನನಗೆ ಅರ್ಥವಾಗುತ್ತದೆ, ಏಕೆಂದರೆ ಅದೇ ಸಂಶಯವನ್ನು ಹೊತ್ತುಕೊಂಡು ನಾನೂ ಬೆಳಗಾವಿಯಿಂದ ಇಲ್ಲಿಗೆ ಬಂದಿದ್ದೇನೆ. ನಮ್ಮ ಸಂಪಾದಕರಿಗೆ ಹೋದ ತಿಂಗಳು ಹೆಸರಿಲ್ಲದ ಪತ್ರವೊಂದು ಬಂತು. 'ಹುಕ್ಕೇರಿಯಲ್ಲಿ ಒಬ್ಬಾತ ಅರ್ಧ ಪುಸ್ತಕ ಇಟ್ಟುಕೊಂಡು ಪೂರ್ತಿ ತಾಲೂಕಿಗೆ ಟೋಪಿ ಹಾಕುತ್ತಿದ್ದಾನೆ, ವಿಚಾರಿಸಬೇಕು' ಎಂದು ಅದರಲ್ಲಿತ್ತು. ನಾನು ಹುಟ್ಟಾ ಸಂಶಯದವನು. ರವಿವಾರದ ಪುರವಣಿಗೆ ಒಂದು ಬಿಸಿಬಿಸಿ ಬರಹ ಸಿಕ್ಕಿತೆಂದು ಖುಷಿಯಾಗಿಯೇ ಮೋಟಾರು ಹತ್ತಿದೆ.

ಹೊರಗಿನವರಿಗೆ ಈ ಕಡೆಯ ಒಂದು ಪದ್ಧತಿ ಹೇಳಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಇಂಗ್ಲಿಷ್ ಕಾಗದಕ್ಕೆ ಮೂರೂರ ನೀರು ಕುಡಿಸುತ್ತಾರೆ. ಒಂದೇ ಕಾಗದವನ್ನು ಮೂರು ಊರಿನ ಮೂವರು ಓದುಗರ ಹತ್ತಿರ ಓದಿಸುತ್ತಾರೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಮುಂದೆ ಬಾಯಿ ಬಿಡುವುದಿಲ್ಲ. ಮೂವರೂ ಒಂದೇ ಹೇಳಿದರೆ ಮಾತ್ರ ನಂಬಿಕೆ. ಇದು ಸುಮ್ಮನೆ ಬಂದ ಪದ್ಧತಿಯಲ್ಲ. ವಿಲಾಯತಿಗೆ ವಾಪಸು ಹೋಗುವ ಸಾಹೇಬರು ತಮ್ಮ ಆಳುಕಾಳುಗಳಿಗೆ ಒಂದೊಂದು ಚೀಟಿ ಬರೆದು ಕೊಡುತ್ತಾರೆ. ಮುಂದೆ ಬರುವ ಸಾಹೇಬ ಅದನ್ನು ಓದಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ ಇಲ್ಲವೇ ಅಟ್ಟುತ್ತಾನೆ. 'ಇವನ ಕೈಗೆ ಬೆಳ್ಳಿ ಚಮಚ ಕೊಡಬೇಡಿ' ಎಂದು ಬರೆದ ಚೀಟಿಯನ್ನು ತಾಯಿತದ ಹಾಗೆ ಜೋಪಾನ ಮಾಡಿಕೊಂಡು ಬಂಗಲೆಯಿಂದ ಬಂಗಲೆಗೆ ಅಲೆದವರಿದ್ದಾರೆ. ತನ್ನನ್ನು ಬೈದ ಕಾಗದವನ್ನು ತಾನೇ ಹೊತ್ತು ತಿರುಗುವುದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಲಕ್ಕಪ್ಪನಿಗೆ ಇದರಲ್ಲಿ ಇಡೀ ಬದುಕೇ ಸಿಕ್ಕಿಕೊಂಡಿದೆ. ಕಾಲುವೆ ಕಚೇರಿಗೆ ಹೊಸ ಸಾಹೇಬರು ಬಂದಿದ್ದಾರೆ. ಬರುವ ಸೋಮವಾರ ಚೌಕೀದಾರರೆಲ್ಲ ಚೀಟಿ ಹಿಡಿದು ಅವರ ಮುಂದೆ ನಿಲ್ಲಬೇಕು. ಒಬ್ಬ ಎಲ್ಲರ ಮೇಲಿನ ಮುಕಾದಮನಾಗುತ್ತಾನೆ. ಚೀಟಿ ಕೆಟ್ಟದಿದ್ದವನು ಮನೆಗೆ ಹೋಗುತ್ತಾನೆ. ಮೂಡಲಗಿಯ ಅಡತಿ ಅಂಗಡಿಯ ಕಾರಕೂನ ಕೇದಾರಿ ಆ ಸೆಡ್ಯುಲಸ್ ಮಾತಿಗೆ 'ಭಾರಿ ಶೂರ' ಎಂದು ಅರ್ಥ ಹೇಳಿ ಕಳಿಸಿದ್ದಾನಂತೆ. ಕಾಲುವೆಯ ದಂಡೆ ಮೇಲೆ ತಿರುಗುವವನಲ್ಲಿ ಸಾಹೇಬರಿಗೆ ಯಾವ ಶೌರ್ಯ ಕಂಡೀತು ಎಂದು ಬಾಳವ್ವನಿಗೆ ಅಲ್ಲೇ ಅನುಮಾನ. ಇದನ್ನು ಆಕೆ ನನ್ನನ್ನು ಪಕ್ಕಕ್ಕೆ ಕರೆದು, ಜಾಫರಸಾಬರಿಗೆ ಕೇಳಿಸದಂತೆ ಹೇಳುತ್ತಾಳೆ.

ಅವರಿಬ್ಬರೂ ಚಹದ ಅಂಗಡಿಯ ಕಡೆ ಹೋದ ಮೇಲೆ ನಾನು ನನ್ನ ಪರೀಕ್ಷೆ ಶುರು ಮಾಡುತ್ತೇನೆ. ಮೋಟಾರಿನಲ್ಲಿ ಕೂತು ನಾನೇ ಹುಟ್ಟಿಸಿದ ಒಂದು ಇಂಗ್ಲಿಷ್ ಶಬ್ದವನ್ನು ಚೀಟಿಯ ಮೇಲೆ ಬರೆದು ತಂದಿದ್ದೇನೆ: 'ಗ್ರಾಂಟಿವರಸ್'. ಏನಾದರೊಂದು ಅರ್ಥ ಹೇಳಿಯೇ ಹೇಳುತ್ತಾರೆ, ಆಗ ಹಿಡಿಯಬೇಕು ಎಂದು ಲೆಕ್ಕ. ಜಾಫರಸಾಬರು ಪುಸ್ತಕ ಬಿಚ್ಚುತ್ತಾರೆ. ಬೆರಳಿಗೆ ಎಂಜಲು ಹಚ್ಚದೆ, ಹಾಳೆಯ ತುದಿ ಹಿಡಿದು, ಒಂದೊಂದೇ ಸಾಲಿನ ಮೇಲೆ ಕಡ್ಡಿ ಸರಿಸುತ್ತಾರೆ. ಎರಡು ಸಲ ಹೋಗಿ ಎರಡು ಸಲ ಹೊಳ್ಳಿ ಬರುತ್ತಾರೆ.

"ಇದು ಈ ಬುಕ್ಕಿನಾಗ ಇರಬೇಕಾಗಿತ್ರಿ. ಇಲ್ಲ. ಪೇಪರಿನವ್ರ, ಇದನ್ನ ನೀವ ಹುಟ್ಟಿಸೀರೇನು?"

ಚೀಟಿಯನ್ನು ಮುದುರಿ ಜೇಬಿಗೆ ಸೇರಿಸುತ್ತೇನೆ.

ಜಾಫರಸಾಬರಿಗೆ ಈಗ ಐವತ್ತನಾಲ್ಕು. ತಂದೆ ಟಾಂಗಾ ಹೊಡೆಯುತ್ತಿದ್ದರು. ಇವರು ಹದಿನೈದನೆಯ ವಯಸ್ಸಿಗೆ ಇದೇ ಕಚೇರಿಯಲ್ಲಿ ಪಂಖಾ ಎಳೆಯಲು ಸೇರಿದರು. ಹಗ್ಗ ಕಾಲಿಗೆ ಕಟ್ಟಿಕೊಂಡು ಎಳೆಯುವ ಕೆಲಸ; ಕಣ್ಣು, ಕಿವಿ ಖಾಲಿ. ಎದುರು ಗೋಡೆಗೆ ಅಂಟಿಸಿದ ನೋಟೀಸುಗಳನ್ನು ದಿನವಿಡೀ ನೋಡುತ್ತ, ಒಳಗೆ ಓದುವುದನ್ನು ಕೇಳುತ್ತ, ಯಲ್ಲಾರಿ ಎಂಬ ಗುಮಾಸ್ತರನ್ನು ಕಾಡಿ ಬೇಡಿ ಅಕ್ಷರ ಕೂಡಿಸುವುದನ್ನು ಕಲಿತರು. ಹನ್ನೊಂದು ವರ್ಷಕ್ಕೆ ಕಾಲಿನ ನರ ಹಿಡಿದು ಪಂಖಾ ಬಿಟ್ಟರು. ಹೊರಗೆ ಬಂದು ಗೋಣಿತಟ್ಟು ಹಾಸಿದರು. ದಿನಕ್ಕೆ ಎಂಟರಿಂದ ಹನ್ನೆರಡು ಕಾಗದ, ಸಂತೆಯ ದಿನ ಮೂವತ್ತರ ಮೇಲೆ. ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಕೆಲವರು ಶೇಂಗಾ ಕೊಡುತ್ತಾರೆ, ಕೆಲವರು ಬರೀ ಸಂಶಯ ಕೊಟ್ಟು ಹೋಗುತ್ತಾರೆ.

ಈ 'ಗೊತ್ತಿಲ್ಲ' ಎಂಬ ಮಾತು ಮೊದಲಿನಿಂದ ಇರಲಿಲ್ಲ. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ.

"ಸತ್ಯಪ್ಪ ಅಂತ ಒಬ್ಬಾಂವ ಇದ್ದಾರಿ, ಬಂಗ್ಲೆದಾಗ ತೋಟದ ಕೆಲಸ ಮಾಡಾಂವ. ಅವನ ಚೀಟಿಯೊಳಗ ಇಂಡೊಲೆಂಟ್ ಅಂತಿತ್ತು. ನನಗ ತಿಳೀಲಿಲ್ಲ. ತಿಳೀಲಿಲ್ಲ ಅಂದ್ರ ಮರ್ಯಾದಿ ಹೋಗ್ತೈತಿ ಅಂತ, ಶಾಂತ ಸ್ವಭಾವದಾಂವ ಅಂತ ಐತಿ ಅಂದ್ಬಿಟ್ನಿ. ಅಂವ ಎಷ್ಟ್ ಖುಷಿ ಪಟ್ಟ! ಎಂಟು ತಿಂಗಳ ಆ ಚೀಟಿ ಹಿಡಕೊಂಡು ಬಂಗ್ಲೆ ಬಂಗ್ಲೆ ತಿರಗ್ಯಾನ. ಎಲ್ಲಾರೂ ನೋಡಿ ನಕ್ಕು ಕಳಸ್ಯಾರ. ಅದರ ಅರ್ಥ ಮೈಗಳ್ಳ ಅಂತ್ರಿ. ಅಂವ ಮೈಗಳ್ಳ ಅಲ್ಲ, ಆ ಮಾತು ಬ್ಯಾರೆ. ಆದ್ರ ನಾ ಖರೆ ಹೇಳಿದ್ರ ಅಂವ ಚೀಟಿ ಒಲಿಗಿ ಹಾಕಿ ಬರಿಗೈಲೆ ಹೋಗಿ ಕೆಲಸ ಕೇಳ್ತಿದ್ದ. ಕಡೀಕ ಊರು ಬಿಟ್ಟ. ಎಲ್ಲಿ ಹ್ವಾದಾ ಗೊತ್ತಿಲ್ಲ."

ಸತ್ಯಪ್ಪ ಊರು ಬಿಟ್ಟ ವರ್ಷವೇ ಗೋಕಾಕದಲ್ಲಿ ಒಬ್ಬ ಸಾಹೇಬರ ಬಂಗಲೆಯ ಸಾಮಾನು ಲಿಲಾವು, ಅಂದರೆ ಹರಾಜು, ಆಯಿತು. ಅದರಲ್ಲಿ ಒಂದು ದೊಡ್ಡ ಇಂಗ್ಲಿಷ್ ಡಿಕ್ಷನರಿ, ಎರಡು ಭಾಗ. ಕೂಗುವವನಿಗೆ ಎರಡೂ ಒಂದೇ ಪುಸ್ತಕವೆಂದು ತಿಳಿಯದೆ, ಒಂದನ್ನು ಕುರ್ಚಿಗಳ ಜೊತೆ, ಇನ್ನೊಂದನ್ನು ಕಂದೀಲುಗಳ ಜೊತೆ ಮಾರಿಬಿಟ್ಟ. ಎ ಇಂದ ಎಲ್ ತನಕದ ಭಾಗ ಎರಡು ಮುರುಕು ಕುರ್ಚಿಗಳ ಸಮೇತ ಜಾಫರಸಾಬರ ಪಾಲಿಗೆ ಬಂತು. ಎಮ್ ಇಂದ ಝಡ್ ತನಕದ್ದು ಗೋಕಾಕದ ನಿವೃತ್ತ ಸಾಲಿ ಮಾಸ್ತರ ಮಾಲಿಂಗಪ್ಪನವರ ಮನೆ ಸೇರಿತು. ಅಂದರೆ ಹೆಸರಿಲ್ಲದ ಪತ್ರ ಸುಳ್ಳು ಹೇಳಿರಲಿಲ್ಲ, ಪುಸ್ತಕ ಅರ್ಧವೇ. ಅಂದಿನಿಂದ ಜಾಫರಸಾಬರ ನೋಟುಬುಕ್ಕಿನಲ್ಲಿ 'ಗೊತ್ತಿಲ್ಲ' ಎಂದು ಹೇಳಿದ ಶಬ್ದಗಳೆಲ್ಲ ತಾರೀಖಿನ ಸಮೇತ ಇವೆ. ನಾನು ಎಣಿಸಿದೆ: ನಾನೂರ ಹನ್ನೆರಡು. ಮುಂದೆ ಅರ್ಥ ಬರೆದವು ಮುನ್ನೂರ ತೊಂಬತ್ತೊಂದು.

"ಮನ್ಯಾಗೂ ಹಿಂಗ ರೀ," ಎನ್ನುತ್ತಾರೆ ಬುತ್ತಿ ತಂದ ಅವರ ಹೆಂಡತಿ ಮದಿನಾಬಿ. "ಪಲ್ಯಾಕ್ಕ ಉಪ್ಪು ಸಾಕೇನು ಅಂತ ಕೇಳಿದ್ರ, ಇನ್ನೊಮ್ಮೆ ತಿಂದು ಹೇಳ್ತೇನಿ ಅಂತಾರ."

ತಿಂಗಳಿಗೆ ಎರಡು ಶನಿವಾರ ಜಾಫರಸಾಬರು ತಮ್ಮ ಪುಸ್ತಕ ಹೊತ್ತು ಗೋಕಾಕಕ್ಕೆ ಹೋಗುತ್ತಾರೆ. ಮರುದಿನ ಶನಿವಾರ. ಲಕ್ಕಪ್ಪ, ಬಾಳವ್ವ ಜೊತೆಗೆ ಹೊರಡುತ್ತಾರೆ. ತನ್ನ ಹಿಂದೆ ಇಬ್ಬರೂ ಸಾಬರು ಏನು ಮಸಲತ್ತು ಮಾಡುತ್ತಾರೋ ಎಂಬ ಭಯ ಬಾಳವ್ವನಿಗೆ. ಮಾಲಿಂಗಪ್ಪ ಮಾಸ್ತರು ಸಾಬರಲ್ಲ ಎಂದು ನಾನು ಹೇಳಿದರೂ, "ಪುಸ್ತಕ ಇಟ್ಟವರೆಲ್ಲ ಒಂದರೀ" ಎನ್ನುತ್ತಾಳೆ. ನಾನೂ ಹೊರಡುತ್ತೇನೆ. ಸಂಶಯ ಇನ್ನೂ ಪೂರ್ತಿ ಹೋಗಿಲ್ಲ.

ಮಾಲಿಂಗಪ್ಪ ಮಾಸ್ತರ ಮನೆಯ ಹೊಸ್ತಿಲಲ್ಲಿ ನಾನು ಕಂಡದ್ದನ್ನು ಯಾವ ನಾಟಕದಲ್ಲೂ ಕಂಡಿಲ್ಲ. ಮಾಸ್ತರು ಹೊಸ್ತಿಲ ಒಳಗೆ, ಜಾಫರಸಾಬರು ಹೊರಗೆ, ಇಬ್ಬರ ತೊಡೆಯ ಮೇಲೂ ಅರ್ಧರ್ಧ ಡಿಕ್ಷನರಿ. ಯಾರ ಪುಸ್ತಕವೂ ಹೊಸ್ತಿಲು ದಾಟುವಂತಿಲ್ಲ. ಒಂದು ಶಬ್ದ ಕೊಟ್ಟರೆ ಒಂದು ಶಬ್ದ. ಅದಕ್ಕೂ ಮೊದಲು ಇಬ್ಬರೂ ಒಂದೊಂದು ಹಳೆಯ ಶಬ್ದ ಕೇಳುತ್ತಾರೆ, ನಾಲ್ಕೋ ಐದೋ ವರ್ಷದ ಹಿಂದೆ ಕೇಳಿದ್ದು. ಎದುರಿನವನು ಓದಿದ್ದು ತಮ್ಮ ನೋಟುಬುಕ್ಕಿನಲ್ಲಿದ್ದದ್ದಕ್ಕೆ ತಾಳೆಯಾದರೆ ಮಾತ್ರ ಹೊಸದು. ಹದಿನೈದು ವರ್ಷದಿಂದ ಹೀಗೆ ಒಬ್ಬರನ್ನೊಬ್ಬರು ಹಿಡಿಯಲು ಕಾದು ಕೂತಿದ್ದಾರೆ, ಒಮ್ಮೆಯೂ ಸಿಕ್ಕಿಲ್ಲ.

"ಎರಡೂ ಕೂಡಿಸಿ ಒಂದ ಕಡೆ ಇಟ್ರ ಚಲೋ ಅಲ್ಲೇನ್ರಿ?" ಎಂದು ಕೇಳುತ್ತೇನೆ.

"ಯಾರ ಮನ್ಯಾಗ?" ಎಂದು ಇಬ್ಬರೂ ಒಟ್ಟಿಗೇ ಕೇಳುತ್ತಾರೆ.

ಮಾಸ್ತರ ನೋಟುಬುಕ್ಕಿನ ಕನ್ನಡ ಅಕ್ಷರ ನೋಡಿದೆ. ಸಂಪಾದಕರಿಗೆ ಬಂದ ಪತ್ರದ ಅಕ್ಷರಕ್ಕೂ ಇದಕ್ಕೂ ಒಂದೇ ಓಟ. ಕೇಳಬೇಕೆನಿಸಿತು, ಕೇಳಲಿಲ್ಲ. ಹದಿನೈದು ವರ್ಷದಲ್ಲಿ ತಮಗೆ ಸಿಗದ ಜಾಫರಸಾಬರ ತಪ್ಪನ್ನು ಮಾಸ್ತರು ನನ್ನ ಕೈಯಲ್ಲಿ ಹಿಡಿಸಲು ನೋಡಿರಬಹುದು.

ಸೆಡ್ಯುಲಸ್‌ನ ಸರದಿ ಬರುತ್ತದೆ. ಲಕ್ಕಪ್ಪ ತಲೆಯ ಪಟಕ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಮಾಸ್ತರು ಕನ್ನಡಕ ಏರಿಸಿ, ಓದಿ, ಕನ್ನಡ ಮಾಡಿ ಹೇಳುತ್ತಾರೆ: "ಬ್ಯಾಸರ ಮಾಡಿಕೊಳ್ಳದ, ನಡುವ ಬಿಡದ, ಹಿಡದ ಕೆಲಸದ ಮ್ಯಾಲೆ ಒಂದೇ ಸಮ ಲಕ್ಷ್ಯ ಇಟ್ಟು ದುಡಿಯಾಂವ."

ಬಾಳವ್ವ ಉಸಿರು ಬಿಡುತ್ತಾಳೆ. ಕೇದಾರಿಯ ಶೂರ ಅಲ್ಲಿಗೆ ಸತ್ತ. ಆದರೆ ಜಾಫರಸಾಬರು ಕಡ್ಡಿ ಎತ್ತಿ, "ಮೂಲಾ ಓದ್ರಿ" ಎನ್ನುತ್ತಾರೆ. ಶಬ್ದ ಎಲ್ಲಿಂದ ಬಂತೆಂದು ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ಕೇಳದೆ ಅವರು ಏಳುವುದಿಲ್ಲ.

"ಲ್ಯಾಟಿನ್ನಿಂದ ಬಂದದ್ದು. ಅದು ಅವರ ಸಂಸ್ಕೃತ ಇದ್ದಂಗ," ಎಂದು ಮಾಸ್ತರು ನಮ್ಮೆಲ್ಲರಿಗೂ ಪಾಠ ಮಾಡುತ್ತಾರೆ. "ಕೆಲವು ಪಂಡಿತರು, ಕೂಡೂದು ಅನ್ನೂ ಮಾತಿನಿಂದ ಬಂತು ಅಂತಾರ, ಕೆಲಸದ ಮುಂದ ಗಟ್ಟಿಯಾಗಿ ಕೂಡಾಂವ ಅಂತ. ಇನ್ನ ಕೆಲವರು, ಸೆ ಡೋಲೊ ಅನ್ನೂ ಮಾತಿನಿಂದ ಅಂತಾರ. ಡೋಲೊ ಅಂದ್ರ ಮೋಸ. ಸೆ ಅಂದ್ರ ಬಿಟ್ಟು. ಮೋಸ ಇಲ್ಲದ ಮಾಡೂದು. ಯಾವದು ಖರೆ ಅಂತ ಪುಸ್ತಕದಾಗ ಹೇಳಿಲ್ಲ."

"ಪುಸ್ತಕಕ್ಕೂ ಸಂಶೇ ಐತೇನು?" ಎಂದು ಬಾಳವ್ವ ನಗುತ್ತಾಳೆ. ಲಕ್ಕಪ್ಪ ನಗುವುದಿಲ್ಲ. ಅವನ ಮುಖ ಇಳಿದುಹೋಗಿದೆ.

"ಸಾಬರ, ಆ ಒಂದ ಮಾತು ಹೊಡದ ಹಾಕ್ರಿ," ಎನ್ನುತ್ತಾನೆ.

ಏಕೆಂದು ಯಾರೂ ಕೇಳುವ ಮೊದಲೇ ಅವನೇ ಹೇಳುತ್ತಾನೆ. ಏಳು ವರ್ಷದ ಹಿಂದೆ ಬಾಳವ್ವನ ತಮ್ಮನ ಕಬ್ಬು ಒಣಗುತ್ತಿತ್ತು. ಪಾಳಿ ಅವನದಲ್ಲ, ಕೆಳಗಿನ ಊರಿನದು. ಲಕ್ಕಪ್ಪ ನಸುಕಿನಲ್ಲಿ ಗೇಟು ಎತ್ತಿ ನಾಲ್ಕು ತಾಸು ನೀರು ಬಿಟ್ಟ. ಈ ಚೀಟಿ ಬರೆದ ಸಾಹೇಬರು ಕೇಳಿದಾಗ, ಗೇಟಿನ ಸರಪಳಿ ಹರಿದಿತ್ತು ಎಂದ. ನಂಬಿಸಲು ತಾನೇ ಕಲ್ಲು ತೆಗೆದುಕೊಂಡು ಸರಪಳಿ ಹರಿದ. ಸಾಹೇಬರು ಒಂದೂ ಮಾತಾಡದೆ ಹೊಸ ಸರಪಳಿ ಕೊಡಿಸಿದರು.

"ಅವತ್ತಿಂದ ನನಗ ಸಂಶೇ. ಸಾಹೇಬಗ ಗೊತ್ತಿತ್ತೋ ಏನೋ ಅಂತ. ಅದಕ್ಕ ಈ ಗೊತ್ತಿಲ್ಲದ ಮಾತಿನ್ಯಾಗ ಅದನ್ನ ತುಂಬಿಟ್ಟಾನೋ ಏನೋ ಅಂತ ಹೆದರಿದ್ನಿ. ಈಗ ನೋಡಿದ್ರ ಮೋಸ ಇಲ್ಲದಾಂವ ಅಂತ ಬರದಾನ. ಗೊತ್ತಿರಲಿಲ್ಲ ಅವಗ. ಇದು ಬೈದದ್ದಕ್ಕಿಂತ ಹೆಚ್ಚ ಆತಲ್ರಿ."

ಜಾಫರಸಾಬರು ಕಡ್ಡಿಯನ್ನು ಹಾಳೆಗಳ ನಡುವೆ ಇಟ್ಟು ಪುಸ್ತಕ ಮುಚ್ಚುತ್ತಾರೆ. "ನೋಡಪಾ, ಮಾತಿಗಿ ತವರ ಮನೀನೂ ಇರ್ತೈತಿ, ಗಂಡನ ಮನೀನೂ ಇರ್ತೈತಿ. ಎಲ್ಲಿಂದ ಬಂತು ಅನ್ನೂದು ಬ್ಯಾರೆ, ಈಗ ಎಲ್ಲಿ ಬಾಳವೆ ಮಾಡಾಕತ್ತೈತಿ ಅನ್ನೂದು ಬ್ಯಾರೆ. ಸಾಹೇಬ ಬರದದ್ದು ಈಗಿನ ಅರ್ಥ. ಬಿಡದ ದುಡಿಯಾಂವ ಅಂತ. ಅದು ನಿಂದ ಐತಿ. ಹೊಡಿಯಾಕ ನನಗ ಅಧಿಕಾರ ಇಲ್ಲ. ಮೂಲಾ ಹೇಳದ ಇದ್ದಿದ್ರ ನೀ ಖುಷೀಲೆ ಹೋಗ್ತಿದ್ದಿ, ನನಗ ಗೊತ್ತೈತಿ. ಆದ್ರ ಅರ್ಧಾ ಹೇಳೂ ಚಟಾ ಒಮ್ಮೆ ಮಾಡಿ ನೋಡೇನಿ."

"ಹಂಗಾರ ಇನ್ನೊಂದ ಕಾಗದ ಬರದ ಕೊಡ್ರಿ," ಎನ್ನುತ್ತಾನೆ ಲಕ್ಕಪ್ಪ. "ಸರಪಳಿದು. ಇಂಗ್ಲಿಷಿನ್ಯಾಗ. ಎರಡೂ ಕೂಡೇ ಕೊಡ್ತೇನಿ."

ಬಾಳವ್ವ ಅವನ ತೋಳು ಹಿಡಿಯುತ್ತಾಳೆ. ಮುಕಾದಮಕಿ ಹೋಗುತ್ತದೆ, ಕೆಲಸವೇ ಹೋಗಬಹುದು, ಆಕೆಗೆ ಗೊತ್ತು. ತಮ್ಮನ ಕಬ್ಬಿಗಾಗಿ ಅಂದು ಅತ್ತು ಕರೆದವಳು ತಾನೇ ಎಂಬುದೂ ಗೊತ್ತು. ಹಿಡಿದ ಕೈಯನ್ನು ತಾನೇ ಬಿಡುತ್ತಾಳೆ. "ಬರದ ಕೊಡ್ರಿ ಅಣ್ಣಾರ," ಎನ್ನುತ್ತಾಳೆ.

ಜಾಫರಸಾಬರು ಓದುವವರು, ಇಪ್ಪತ್ತೆಂಟು ವರ್ಷ ಕಾಗದ ಓದಿಯೂ ಒಂದು ಸಾಲು ಇಂಗ್ಲಿಷ್ ಬರೆದವರಲ್ಲ. ಮಾಸ್ತರನ್ನು ಬರೆಯಲು ಕೇಳಬಹುದಿತ್ತು. ಮಾಸ್ತರೂ ಕೈ ಚಾಚಿದ್ದರು. ಆದರೆ ಲಕ್ಕಪ್ಪ ಖಾಲಿ ಕಾಗದವನ್ನು ಜಾಫರಸಾಬರ ಕಡೆಗೇ ಹಿಡಿಯುತ್ತಾನೆ. ಆರು ಸಾಲು ಬರೆಯಲು ಮಧ್ಯಾಹ್ನ ಮೂರಾಗುತ್ತದೆ. ತಮಗೆ ಖಾತ್ರಿಯಿಲ್ಲದ ಒಂದೇ ಒಂದು ಶಬ್ದವೂ ಅದರಲ್ಲಿಲ್ಲ. ಗೇಟು, ನೀರು, ನಾಲ್ಕು ತಾಸು, ಕಲ್ಲು, ಸರಪಳಿ, ನಾನು. ಸಾಲಿ ಹುಡುಗರೂ ಓದಬಹುದಾದ ಇಂಗ್ಲಿಷ್. ನಡುವೆ ಎರಡು ಸಲ ಮಾಸ್ತರ ಪುಸ್ತಕದಿಂದ ಶಬ್ದ ಬೇಕಾಗುತ್ತದೆ. ಮಾಸ್ತರು ಎರಡೂ ಸಲ ಬದಲಿಗೆ ಏನೂ ಕೇಳದೆ ಕೊಡುತ್ತಾರೆ.

ನಾನು ಬೆಳಗಾವಿಗೆ ಮರಳಬೇಕಿತ್ತು, ಮರಳಲಿಲ್ಲ. ಹುಕ್ಕೇರಿಯಲ್ಲೇ ಉಳಿದೆ. ಬುಧವಾರ ಬೆಳಿಗ್ಗೆ ಗಂಡ ಹೆಂಡತಿ ಮತ್ತೆ ಗೋಣಿತಟ್ಟಿನ ಮುಂದೆ ಬಂದು ನಿಲ್ಲುತ್ತಾರೆ. ಸೋಮವಾರ ಕೊಟ್ಟ ಎರಡೂ ಕಾಗದ ಓದಿದ ಹೊಸ ಸಾಹೇಬರ ಹುಕುಮು ಕೈಯಲ್ಲಿದೆ, ಎರಡೇ ಸಾಲು. ಕಚೇರಿಯ ಜವಾನ ಏನೂ ಹೇಳದೆ ಕೈಗಿಟ್ಟು ಕಳಿಸಿದ್ದಾನೆ. ಈ ಸಲ ಲಕ್ಕಪ್ಪ ಕಾಗದವನ್ನು ಜಾಫರಸಾಬರ ಕೈಗೆ ಕೊಟ್ಟು ತನ್ನ ಕೈ ಹಿಂದೆ ತೆಗೆಯುತ್ತಾನೆ.

ಜಾಫರಸಾಬರು ಮೊದಲು ಮನಸ್ಸಿನಲ್ಲಿ ಓದಿಕೊಳ್ಳುತ್ತಾರೆ. ಪುಸ್ತಕ ಬಿಚ್ಚುವುದಿಲ್ಲ.

"ಎಲ್ಲಾ ಮಾತೂ ಗೊತ್ತದಾವು," ಎನ್ನುತ್ತಾರೆ. "ಮೊದಲ ಕೆಟ್ಟದ್ದು ಕೇಳ್ರಿ. ಲಕ್ಕಪ್ಪಗ ಮುಕಾದಮಕಿ ಇಲ್ಲ."

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ.

"ಎರಡನೇದು. ದೊಡ್ಡ ಗೇಟಿನ ಕೀಲಿ ಇನ್ನ ಮ್ಯಾಲೆ ಲಕ್ಕಪ್ಪನ ಕೈಯಾಗ ಇರ್ಲಿ."

ಲಕ್ಕಪ್ಪ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾನೆ. ಮುಕಾದಮನಿಗೂ ಸಿಗದ ಕೀಲಿ ಅದು ಎಂದು ಬಾಳವ್ವ ನನಗೆ ಹೇಳಲು ಹೋಗಿ, ಅಳುತ್ತಾಳೆ. ನನಗೂ ಕಣ್ಣು ಮಂಜಾಯಿತು. ಪುರವಣಿಗೆ ಬರೆಯುವವರು ಇದನ್ನೆಲ್ಲ ಒಪ್ಪಿಕೊಳ್ಳಬಾರದು, ಆದರೂ ಒಪ್ಪಿಕೊಳ್ಳುತ್ತೇನೆ.

ಸ್ವಲ್ಪ ಹೊತ್ತಿಗೆ ಲಕ್ಕಪ್ಪ ಎದ್ದು ಹುಕುಮನ್ನು ಅಂಗಿಯೊಳಗೆ ಇಟ್ಟುಕೊಂಡು ಊರಿಗೆ ಹೊರಡುತ್ತಾನೆ. ಜಾಫರಸಾಬರು ಕರೆಯುತ್ತಾರೆ.

"ಎಲ್ಲಿ ಹೊಂಟ್ರಿ? ಮೂಡಲಗೀಗಿ ಹೋಗ್ರಿ, ಗೋಕಾಕಕ್ಕ ಹೋಗ್ರಿ. ಅಲ್ಲೂ ಓದಸ್ರಿ."

"ಯಾಕ್ರಿ ಸಾಬರ? ನೀವು ಓದಿದ್ರಲ್ಲ. ನಿಮ್ಮ ಮ್ಯಾಲೆ ನನಗ ಸಂಶೇ ಇಲ್ಲ."

"ಹಂಗ ಅನಬ್ಯಾಡಪಾ," ಎನ್ನುತ್ತಾರೆ ಜಾಫರಸಾಬರು, ಮೊದಲ ಸಲ ದನಿ ಏರಿಸಿ. "ಸತ್ಯಪ್ಪಗೂ ನನ್ನ ಮ್ಯಾಲೆ ಸಂಶೇ ಇರಲಿಲ್ಲ. ಹೋಗು, ಓದ್ಸು."